ಕೈಯಿಂದ ಓಡುವ ಕಾರು

ಕಾರು ಒಂದು ಗಳಿಗೆ ಉಸಿರು ಬಿಟ್ಟು ಮತ್ತೆ ಎಳೆದುಕೊಳ್ಳುತ್ತದೆ ಎಂದು ಪಾವಗಡದ ಮೇಡಂ ಫೋನಿನಲ್ಲಿ ಹೇಳಿದಾಗ ನಾನು ಕೇಳಿದ ಮೊದಲ ಪ್ರಶ್ನೆ, ಪೆಟ್ರೋಲ್ ಎಲ್ಲಿ ಹಾಕಿಸಿದಿರಿ ಎಂಬುದು. ಅವತ್ತಿನ ದಿನಚರಿಯಲ್ಲಿ ಹಾಗೇ ಇದೆ. ಈಗ ನೆನಪಿಸಿಕೊಂಡರೆ ಮಾತ್ರ, ಅವರಿಗೇನಾದರೂ ಪೆಟ್ಟಾಯಿತೇ ಎಂದು ಮೊದಲು ಕೇಳಿದ್ದೆನೆಂದೇ ಅನ್ನಿಸುತ್ತದೆ. ಇಂಥ ವಿಷಯದಲ್ಲಿ ನನ್ನ ನೆನಪು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಇಲ್ಲಿ ಆದಷ್ಟೂ ಆಯಾ ಸಂಜೆ ಬರೆದಿಟ್ಟದ್ದನ್ನೇ ನೆಚ್ಚಿಕೊಂಡಿದ್ದೇನೆ.

"ಲಾರಿ ಪಕ್ಕದಾಗಿದ್ದೆ ಕಣಮ್ಮ," ಎಂದರು ಮೇಡಂ. "ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಚೆನ್ನಾಗಿ ಎಳೀತಾ ಇದ್ದಿದ್ದು ಇದ್ದಂಗೇ ಸುಸ್ತಾಗ್ಬುಡ್ತು. ಎದುರ್ಗಡೆ ಬಸ್ಸು. ಆಮೇಲೆ ತಾನೇ ಸರಿಹೋಯ್ತು. ಏನು ಮಾಡಿಟ್ಟಿದೀಯ ನನ್ ಕಾರಿಗೆ?"

ಅವರ ಕಾರಿಗೆ ನಾನು ಹೊಸ ಇಸಿಯು ಹಾಕಿದ್ದೆ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಬಿಡಬೇಕು, ಯಾವ ಕ್ಷಣಕ್ಕೆ ಕಿಡಿ ಹಾರಿಸಬೇಕು ಎಂದು ತೀರ್ಮಾನಿಸುವ ಪೆಟ್ಟಿಗೆ ಅದು. ಮಧುಗಿರಿಯ ಹೊರಗೆ ನನ್ನದೊಂದು ಶೆಡ್ಡು ಇದೆ. ಅಲ್ಲಿಗೆ ಬರುವ ಕಾರುಗಳೆಲ್ಲ ಹೆಚ್ಚಾಗಿ ಯುರೋಪಿನ ಕಂಪನಿಗಳವು. ಬರುವವರು ವೇಗದ ಹುಚ್ಚಿನವರು. ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ದೊಡ್ಡ ಟರ್ಬೊ ಹಾಕಿಸುತ್ತಾರೆ, ಕಂಪನಿಯ ಇಸಿಯು ಅದಕ್ಕೆ ಒಗ್ಗುವುದಿಲ್ಲ, ಆಗ ನನ್ನ ಹತ್ತಿರ ಬರುತ್ತಾರೆ. ಮೇಡಂ ಬಂದದ್ದು ಅದಕ್ಕಲ್ಲ.

ಅವರು ಪಾವಗಡ ತಾಲ್ಲೂಕಿನ ಶಾಲೆಗಳಿಗೆ ಹೋಗಿ, ತರಗತಿಯಲ್ಲಿ ಕೂತು, ಮಕ್ಕಳು ಓದುವುದನ್ನು ಕೇಳಿ, ಮೇಷ್ಟರಿಗೆ ಏನು ಹೇಳಬೇಕೋ ಅದನ್ನು ಹೇಳಿ ಬರುವ ಕೆಲಸದವರು. ಮಗುವಾಗಿದ್ದಾಗ ಪೋಲಿಯೋ ಬಂದು ಎರಡೂ ಕಾಲಿಗೆ ಬಲವಿಲ್ಲ. ಕಾಲಿಗೆ ಆಸರೆಯ ಕ್ಯಾಲಿಪರ್ ಕಟ್ಟಿಕೊಂಡು ಊರುಗೋಲು ಹಿಡಿದು ನಡೆಯುತ್ತಾರೆ. ಅವರ ಹಳೆಯ ಆಟೋಮ್ಯಾಟಿಕ್ ಕಾರಿನಲ್ಲಿ ಸ್ಟಿಯರಿಂಗ್ ಪಕ್ಕಕ್ಕೆ ಒಂದು ಲಿವರ್ ಇದೆ. ತಮ್ಮ ಕಡೆ ಎಳೆದರೆ ಆಕ್ಸಿಲರೇಟರ್, ಮುಂದಕ್ಕೆ ತಳ್ಳಿದರೆ ಬ್ರೇಕ್. ಇನ್ನೊಂದು ಕೈ ಸ್ಟಿಯರಿಂಗ್ ಬಿಡಬೇಕಾಗದಂತೆ ಹಾರ್ನಿನ ಗುಂಡಿಯನ್ನೂ ಲಿವರಿನ ಹಿಡಿಯ ಮೇಲೇ ಕೂರಿಸಿದ್ದಾರೆ. ಲಿವರ್ ಮಾಡಿಕೊಟ್ಟವರು ಕೊರಟಗೆರೆಯ ಲೇತ್ ಯಜಮಾನರು, ವೈರಿಂಗ್ ಮಾಡಿದವರು ಶಿರಾದ ಭಾಯ್. ಆರ್‌ಸಿಯಲ್ಲಿ ಈ ಬದಲಾವಣೆ ನಮೂದಾಗಿದೆ.

ಬೇಸಿಗೆ ರಜೆ ಶುರುವಾಗುವ ಹೊತ್ತಿಗೆ ಆ ಕಾರು ನಿಂತುಹೋಗಿತ್ತು. ಮೇಡಂ ಅದನ್ನು ದಿನಾ ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸುತ್ತಿದ್ದರು. ಈ ಜಾತಿಯ ಕಾರುಗಳಲ್ಲಿ ಇಸಿಯು ಇರುವುದು ಮುಂದಿನ ಗಾಜಿನ ಬುಡದಲ್ಲಿ, ಮಳೆನೀರು ಇಳಿದುಹೋಗುವ ತೊಟ್ಟಿಯಂಥ ಜಾಗದಲ್ಲಿ. ಹೊಂಗೆಯ ಹೂವು, ಎಲೆ ಬಿದ್ದು ಬಿದ್ದು ನೀರು ಹೋಗುವ ತೂತು ಕಟ್ಟಿಕೊಂಡಿತ್ತು. ಒಂದು ಜೋರು ಮಳೆ ಬಂತು. ತೊಟ್ಟಿ ತುಂಬಿತು, ಇಸಿಯು ಮುಳುಗಿತು. ಹೊಸದು ಹಾಕಿಸೋಣವೆಂದರೆ ಬೆಂಗಳೂರಿನ ಸರ್ವಿಸ್ ಸೆಂಟರಿನವರು ಮೊದಲು ಆ ಲಿವರ್ ತೆಗೆಸಿಕೊಂಡು ಬನ್ನಿ ಎಂದರಂತೆ. ಮಾರ್ಪಾಡು ಮಾಡಿದ ಕಾರನ್ನು ಅವರು ಮುಟ್ಟುವುದಿಲ್ಲ.

"ಲಿವರ್ ತೆಗೆದ್ರೆ ರಿಪೇರಿ ಆದ್ಮೇಲೆ ವಾಪಸ್ ಓಡಿಸ್ಕೊಂಡು ಬರೋದು ಯಾರು ಅಂತ ಕೇಳ್ದೆ," ಎಂದು ಮೇಡಂ ಮೊದಲ ದಿನ ನನ್ನ ಶೆಡ್ಡಿನಲ್ಲಿ ಕೂತು ಹೇಳಿದ್ದರು. "ಪಾಪ, ಫೋನಲ್ಲಿದ್ದ ಹುಡ್ಗಿ ಮೇನೇಜರ್ನ ಕೇಳ್ತೀನಿ ಅಂದ್ಲು."

ನಾನು ತರಿಸಿದ್ದು ಪ್ಲಗ್ ಅಂಡ್ ಪ್ಲೇ ಇಸಿಯು. ಹೆಸರೇ ಹೇಳುವಂತೆ, ಹಳೆಯದನ್ನು ಬಿಚ್ಚಿ ಅದೇ ಸಾಕೆಟ್ಟಿಗೆ ಇದನ್ನು ಸಿಕ್ಕಿಸಿದರೆ ಆಯಿತು, ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಮಾರುವವರು ಹೀಗೆ ಹೇಳುತ್ತಾರೆ. ಎಂಜಿನ್ ಸ್ಟಾರ್ಟ್ ಆಗುತ್ತದೆ ಎಂಬಷ್ಟಕ್ಕೆ ಅದು ನಿಜ. ಡಬ್ಬದ ಮೇಲೆ ರೇಸಿಂಗ್ ಬಳಕೆಗೆ ಎಂದು ಅಚ್ಚಾಗಿತ್ತು. ಶಾಲೆಗೆ ಹೋಗುವ ಮೇಡಂ ಕಾರಿಗೆ ಇದನ್ನು ಹಾಕುತ್ತಿದ್ದೇನಲ್ಲ ಎಂದು ಅವತ್ತು ಒಂದು ಸಾಲು ಬರೆದು, ಮುಂದಿನ ಸಾಲಿನಲ್ಲಿ ಬೇರೆ ದಾರಿ ಏನಿದೆ ಎಂದು ನನಗೆ ನಾನೇ ಕೇಳಿಕೊಂಡಿದ್ದೇನೆ. ಮೂರನೆಯ ಸಾಲು ಇಲ್ಲ.

ಕೆಲಸ ಚೆನ್ನಾಗಿಯೇ ಸಾಗಿತ್ತು. ಬಂಕಿನ ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತಿರುವುದರಿಂದ ಇಸಿಯು ಜೊತೆ ಬಂದ ಲೆಕ್ಕಕ್ಕಿಂತ ಇಂಧನ ಸ್ವಲ್ಪ ಹೆಚ್ಚು ಬಿಡಬೇಕು; ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸೆನ್ಸರ್ ಹಾಕಿಕೊಂಡು ಅದನ್ನು ತಿದ್ದಿದೆ. ಗೇರ್‌ಬಾಕ್ಸಿಗೆ ಅದರದೇ ಬೇರೆ ಪೆಟ್ಟಿಗೆ ಇದೆ. ಎಂಜಿನ್ ಈಗ ಎಷ್ಟು ಬಲ ಕೊಡುತ್ತಿದೆ ಎಂದು ಇಸಿಯು ಅದಕ್ಕೆ ಸದಾ ತಿಳಿಸುತ್ತಿರಬೇಕು, ಸುಳ್ಳು ಹೇಳಿದರೆ ಗೇರ್ ಬದಲಾಗುವಾಗ ಕಾರು ಒದೆಯುತ್ತದೆ. ಆ ಒದೆತ ನಿಲ್ಲಿಸುವಷ್ಟರಲ್ಲಿ ಸಾಕುಬೇಕಾಯಿತು. ಕೊನೆಗೆ ಲಿವರ್. ಅದರ ಸೆನ್ಸರಿನಿಂದ ಎರಡು ತಂತಿಗಳಲ್ಲಿ ಎರಡು ಸಂಕೇತ ಬರುತ್ತವೆ. ಎರಡನೆಯದು ಯಾವಾಗಲೂ ಮೊದಲನೆಯದರ ಅರ್ಧ ಇರಬೇಕು. ಆ ಲೆಕ್ಕ ತಪ್ಪಿದರೆ ಇಸಿಯು ಎರಡನ್ನೂ ನಂಬದೆ, ಲಿವರ್ ಎಳೆದೇ ಇಲ್ಲವೆಂಬಂತೆ ಎಂಜಿನ್ನನ್ನು ಐಡಲ್‌ಗೆ ಇಳಿಸಿಬಿಡುತ್ತದೆ. ಸೆನ್ಸರ್ ಕೆಟ್ಟು ಕಾರು ತಾನಾಗಿ ನುಗ್ಗಬಾರದಲ್ಲ, ಅದಕ್ಕೆ. ಎಷ್ಟು ತಪ್ಪಿದರೆ ಅನುಮಾನಿಸಬೇಕು ಎನ್ನುವ ಮಿತಿಯನ್ನು ನಾನು ಬಿಗಿಯಾಗಿಯೇ ಇಟ್ಟಿದ್ದೆ.

ಫೋನ್ ಬಂದದ್ದು ಇಷ್ಟೆಲ್ಲ ಮುಗಿಸಿ ಕಾರು ಕೊಟ್ಟು ಕಳಿಸಿದ ಮೇಲೆ.

ಮೇಡಂ ನಿಧಾನವಾಗಿ ಓಡಿಸಿಕೊಂಡು ಮಧುಗಿರಿಗೆ ಬಂದರು. ಇಸಿಯು ತನ್ನೊಳಗೆ ಬರೆದುಕೊಂಡಿದ್ದನ್ನು ಲ್ಯಾಪ್‌ಟಾಪಿಗೆ ಇಳಿಸಿ ನೋಡಿದೆ. ಕಾರು ಸುಸ್ತಾದ ಜಾಗದಲ್ಲಿ ಲಿವರಿನ ಎರಡೂ ಸಂಕೇತಗಳ ಗೆರೆಗಳು ಒಟ್ಟಿಗೆ, ಒಂದೇ ಅಳತೆಯಷ್ಟು ಮೇಲೆದ್ದಿದ್ದವು. ಒಂದು ಇನ್ನೊಂದರ ಅರ್ಧ ಇರಬೇಕಾದಲ್ಲಿ ಎರಡೂ ಸಮನಾಗಿ ಏರಿದರೆ ಲೆಕ್ಕ ತಪ್ಪುತ್ತದೆ. ಇಸಿಯು ತನ್ನ ಕೆಲಸ ಮಾಡಿತ್ತು. ಹೀಗೆ ಜೊತೆಯಾಗಿ ಏಳುವುದು ಸಾಮಾನ್ಯವಾಗಿ ಅರ್ತ್, ಅಂದರೆ ಕರೆಂಟು ವಾಪಸು ಹೋಗುವ ತಂತಿ, ಸಡಿಲವಾದಾಗ.

"ಇಸಿಯು ಬಿಟ್ಟು ಕಾರಲ್ಲಿ ಬೇರೇನಾದ್ರೂ ಬದಲಾಯಿಸಿದ್ದೀರಾ ಮೇಡಂ?"

"ಏನಿಲ್ಲಮ್ಮ. ಟೈರೂ ಅವೇ, ನಾನೂ ಅವಳೇ."

ಶಿರಾದ ಭಾಯಿಗೂ ಫೋನ್ ಮಾಡಿ ಕೇಳಿದೆ. ಇಸಿಯು ಮುಳುಗಿದಾಗ ಕಾರು ಮೊದಲು ಹೋದದ್ದು ಅವರ ಹತ್ತಿರ; ಒದ್ದೆಯಾದ ವೈರಿಂಗನ್ನೆಲ್ಲ ಬಿಚ್ಚಿ ಒಣಗಿಸಿದ್ದು ಅವರೇ.

"ಬಿಲ್ಕುಲ್ ಏನೂ ಚೇಂಜ್ ಮಾಡಿಲ್ಲ ಬೇಟಿ," ಎಂದರು. "ಒಣಗ್ಸಿದೆ, ಟೇಪ್ ಸುತ್ದೆ, ಅಲ್ಲಿಗ್ ಖತಂ."

ಅರ್ತ್ ತಂತಿಗಳನ್ನು ಒಂದೊಂದಾಗಿ ಅಳೆದೆ. ಹೆಡ್‌ಲೈಟ್, ಎಸಿ, ರೇಡಿಯೇಟರ್ ಫ್ಯಾನ್, ವೈಪರ್, ಹಿಂದಿನ ಗಾಜಿನ ಹೀಟರ್ ಎಲ್ಲವನ್ನೂ ಒಟ್ಟಿಗೆ ಹಾಕಿ, ಹೊರೆ ಬಿದ್ದಾಗ ವೋಲ್ಟೇಜ್ ಅಲುಗಾಡುತ್ತದೆಯೇ ಎಂದು ನೋಡಿದೆ. ಮೀಟರ್ ಮಿಸುಕಲಿಲ್ಲ. ಮೇಡಂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಪಕ್ಕದ ಅಂಗನವಾಡಿಯ ಗೋಡೆ ಬರಹ ಓದುತ್ತಿದ್ದರು. ಮಧ್ಯಾಹ್ನ ಅಲ್ಲಿ ಮಕ್ಕಳು ಮಲಗಿರುತ್ತವೆ. ಶೆಡ್ಡಿನಲ್ಲಿ ಸೈಲೆನ್ಸರ್ ಬಿಚ್ಚಿ ಎಂಜಿನ್ ಓಡಿಸುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ ಎಂದು ಅಲ್ಲಿನ ಟೀಚರಿಗೆ ನಾನು ಮಾತು ಕೊಟ್ಟಿದ್ದೆ, ಗಿರಾಕಿಗಳಿಗೂ ಹೇಳಿಟ್ಟಿದ್ದೆ.

ಈಗ ಇದನ್ನು ಬರೆಯುವಾಗ, ಅವತ್ತೇ ನನ್ನ ಮನಸ್ಸಿನ ಮೂಲೆಯಲ್ಲಿ ಅನುಮಾನ ಹೊಳೆದಿತ್ತು ಎಂದು ನೆನಪು ಪಿಸುಗುಡುತ್ತದೆ. ಹೊಳೆದಿರಲಿಲ್ಲ. ದಿನಚರಿಯಲ್ಲಿ ಅವತ್ತು ಇರುವುದು ಅರ್ತ್ ಸರಿ ಇದೆ ಎಂಬ ಮಾತು, ಅದರ ಕೆಳಗೆ ಎರಡು ಗೆರೆ.

ಮರುದಿನ ಬೆಳಗ್ಗೆ ನಾನೇ ಕಾರು ತೆಗೆದುಕೊಂಡು ಬಡವನಹಳ್ಳಿ ಕಡೆ ಹೋದೆ. ಲಿವರಿನಲ್ಲಿ ಓಡಿಸುವುದನ್ನು ಹಿಂದೆಯೇ ಕಲಿತಿದ್ದೆ. ಕಾಲನ್ನು ಸುಮ್ಮನೆ ಇಟ್ಟುಕೊಳ್ಳುವುದೇ ಅದರಲ್ಲಿ ಕಷ್ಟದ ಭಾಗ. ಎಂಜಿನ್ ಬ್ಲಾಕಿಗೆ ಮೈಕ್ ಸಿಕ್ಕಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಗಾಜು ಏರಿಸಿಕೊಂಡು ಓಡಿಸುವುದು ನಮ್ಮ ಕೆಲಸದ ರೀತಿ. ಕಿಡಿ ಬೇಗ ಹಾರಿದರೆ ಎಂಜಿನ್ನಿನೊಳಗೆ ಕಲ್ಲು ಕುಟ್ಟಿದಂಥ ಸಣ್ಣ ಸದ್ದು ಬರುತ್ತದೆ, ಅದು ಕೇಳಬೇಕು. ಹೊರಗಿನ ಯಾವ ಸದ್ದೂ ಅದರಲ್ಲಿ ಬೆರೆಯಬಾರದು. ಆದ್ದರಿಂದ ಖಾಲಿ ರಸ್ತೆ ನೋಡಿಕೊಳ್ಳುತ್ತೇವೆ, ಮುಂದೆ ಗಾಡಿ ಇದ್ದರೆ ಅದು ದೂರ ಹೋಗುವವರೆಗೂ ಕಾಯುತ್ತೇವೆ.

ಕಾರು ಒಮ್ಮೆಯೂ ಸುಸ್ತಾಗಲಿಲ್ಲ. ಏರಿನಲ್ಲಿ, ಗುಂಡಿಯಲ್ಲಿ, ಬಿಸಿಲೇರಿದ ಮೇಲೆ, ಎಸಿ ಹಾಕಿ, ಆರಿಸಿ, ಎಲ್ಲ ನೋಡಿದೆ. ಕೆಟ್ಟ ಕಾರು ಕೆಟ್ಟಂತೆ ನಡೆದುಕೊಂಡರೆ ಒಂದು ನೆಮ್ಮದಿ ಇರುತ್ತದೆ. ಇದು ನನ್ನ ಕೈಯಲ್ಲಿ ಸಾಧುವಿನಂತೆ ಓಡಿತು, ಕೆಟ್ಟದ್ದು ಅವರ ಕೈಯಲ್ಲಿ ಮಾತ್ರ. ಹಾಗಾದರೆ ಅವರ ಕೈಯದೇ ತಪ್ಪೇ ಎಂಬ ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಎರಡನ್ನೂ ಬರೆದುಕೊಂಡಿದ್ದೇನೆ.

ಮೇಡಂ ಹತ್ತಿರ ಬೇರೆ ಕಾರಣ ಇತ್ತು. "ಆ ಹೈಟೆನ್ಷನ್ ತಂತಿ ಕೆಳಗೇ ಆಗೋದು ಕಣಮ್ಮ. ಸೋಲಾರ್ ಕರೆಂಟು ಹೋಗ್ತದಲ್ಲ, ಆ ತಂತಿ. ಅದೇ ನಿನ್ ಡಬ್ಬಾನ ಎಳೀತೈತೆ."

ಪಾವಗಡದ ಕಡೆ ಹೋದರೆ ಆ ತಂತಿಗಳು ರಸ್ತೆಯನ್ನು ದಾಟುವುದು ಉದ್ದಕ್ಕೆ ನೇರವಾಗಿರುವ ಜಾಗದಲ್ಲಿ. ನಾನು ನಕ್ಕೆ, ನಕ್ಕ ಮೇಲೆ ಹೋಗಿ ನೋಡಿದೆ. ತಂತಿಗಳ ಕೆಳಗೆ ಕಾರು ನಿಲ್ಲಿಸಿ ಎಂಜಿನ್ ಓಡಿಸಿದೆ, ಹಿಂದೆ ಮುಂದೆ ಓಡಾಡಿದೆ. ಗೆರೆಗಳು ನೇರ.

ಲಿವರಿನಲ್ಲಿ ಸಣ್ಣ ಅಲುಗಾಟ ಇದ್ದದ್ದು ನೆನಪಾಗಿ ಕೊರಟಗೆರೆಗೆ ಹೋದೆ. ಲೇತ್ ಯಜಮಾನರು ವಿಭೂತಿ ಹಚ್ಚಿಕೊಂಡು ಆಗಷ್ಟೇ ಅಂಗಡಿ ತೆರೆದಿದ್ದರು. ಚನ್ನರಾಯನದುರ್ಗದ ಕಡೆಯವರು, ಮಾತು ಕಡಿಮೆ. ಲಿವರ್ ಅಲ್ಲಾಡಿಸಿ ನೋಡಿ, "ಬುಷ್ ಸವೆದೈತೆ," ಎಂದರು.

"ಇದರಿಂದ ಹೀಗಾಗಿರಬಹುದಾ?"

"ಆಗಿರ್ಬೋದು. ಆಗ್ದೇನೂ ಇರ್ಬೋದು. ಬುಷ್ ಮಾತ್ರ ಸವೆದೈತೆ."

ಹಿತ್ತಾಳೆಯ ಹೊಸ ಬುಷ್ ಕಡೆದು, ಬಳೆಯಂತೆ ಲಿವರಿನ ಕೀಲಿಗೆ ಕೂರಿಸಿದರು. ಲಿವರ್ ಬೆಣ್ಣೆಯಂತೆ ಚಲಿಸಿತು. ಕಣ್ಣಿಗೆ ಕಾಣುವ ಒಂದು ದೋಷ ಸಿಕ್ಕಿ, ಅದು ಸರಿಯೂ ಆದಾಗ ಅದೇ ದೋಷವೆಂದು ನಂಬುವುದು ಎಷ್ಟು ಸುಲಭ. ನಾನು ನಂಬಿದೆ. ಮೇಡಂಗೆ ಕಾರು ಕೊಟ್ಟೆ.

ಮಾರನೆಯ ದಿನವೇ ಫೋನ್. ಈ ಸಲ ಟ್ರ್ಯಾಕ್ಟರ್ ಪಕ್ಕದಲ್ಲಿದ್ದಾಗ.

ಶಾಲೆ ಶುರುವಾಗಲು ಆಗ ಹೆಚ್ಚು ದಿನ ಉಳಿದಿರಲಿಲ್ಲ. ಮೇಡಂ ಮತ್ತೆ ಶೆಡ್ಡಿಗೆ ಬಂದರು. ಕಾರಿನಿಂದ ಇಳಿಯಲಿಲ್ಲ. ಗಾಜು ಇಳಿಸಿ ಮಾತಾಡಿದರು.

"ನಮ್ ಸಾಹೇಬ್ರು ಒಳ್ಳೇರು. ಕರ್ದು ಕೂರ್ಸಿ ಹೇಳಿದ್ರು, ಓಡಾಡೋಕೆ ಆಗಲ್ಲ ಅನ್ನೋದಾದ್ರೆ ಬರ್ಕೊಡಿ ಮೇಡಂ, ಹಳೇ ಸ್ಕೂಲಿಗೇ ಹಾಕಿಸ್ಕೊಡ್ತೀನಿ, ನೆರಳಲ್ಲಿ ಇರ್ಬೋದು ಅಂತ. ಇಲ್ಲಾಂದ್ರೆ ಶುರುವಿನ ದಿನದಿಂದ್ಲೇ ಸುತ್ಬೇಕು."

"ಅಲ್ಲಿವರೆಗೆ ಯಾರಾದ್ರೂ ಬೈಕಲ್ಲಿ ಕರ್ಕೊಂಡು ಹೋದ್ರೆ..." ಎಂದೆ.

"ಹೋಗಿದೀನಿ, ಹೋಗಿಲ್ಲ ಅಂತಲ್ಲ." ಅವರು ಲಿವರ್ ಮೇಲೆ ಕೈ ಇಟ್ಟುಕೊಂಡೇ ಇದ್ದರು. "ಬೈಕಿನ ಹಿಂದೆ ಕೂತು ಹೋದ್ರೆ ಸ್ಕೂಲ್ನವ್ರೆಲ್ಲ ಓಡ್ಬರ್ತಾರೆ. ಒಬ್ರು ಕೋಲು ಇಸ್ಕೊಂತಾರೆ, ಒಬ್ರು ರಟ್ಟೆ ಹಿಡ್ಕೊಂತಾರೆ, ಒಬ್ರು ಕುರ್ಚಿ ತರ್ತಾರೆ. ನನ್ನ ಇಳ್ಸೋದ್ರಾಗೇ ಎಲ್ರಿಗೂ ಪುಣ್ಯ ಬಂದ್ಬುಡ್ತದೆ. ಆಮೇಲೆ ನಾನು ಕೂತ್ಕೊಂಡು, ಮೂರನೇ ಕ್ಲಾಸಿನ ಮಗೀಗೆ ಯಾಕಪ್ಪಾ ಓದಕ್ಕೆ ಬರಲ್ಲ ಅಂತ ಆ ಮೇಷ್ಟ್ರನ್ನ ಹೆಂಗ್ ಕೇಳ್ಲಿ?"

ಅವರು ಲಿವರಿನಿಂದ ಕೈ ತೆಗೆದು ನನ್ನ ಲ್ಯಾಪ್‌ಟಾಪಿನ ಕಡೆ ತೋರಿಸಿದರು.

"ಅದೇನೋ ಮಿತಿ ಅಂದ್ಯಲ್ಲ. ಜಾಸ್ತಿ ಮಾಡು."

ಅದನ್ನು ಅವರಿಗೆ ವಿವರಿಸಿದ್ದವಳು ನಾನೇ. ಮಿತಿಯನ್ನು ಸಡಿಲಿಸಿದರೆ ಇಸಿಯು ಆ ವ್ಯತ್ಯಾಸವನ್ನು ಕಂಡೂ ಸುಮ್ಮನಿರುತ್ತದೆ, ಕಾರು ಸುಸ್ತಾಗುವುದಿಲ್ಲ. ಲ್ಯಾಪ್‌ಟಾಪ್ ತಂದು ಬಾನೆಟ್ ಮೇಲಿಟ್ಟು ಆ ಪುಟ ತೆರೆದೆ. ಒಂದು ಚೌಕ, ಅದರಲ್ಲೊಂದು ಅಂಕಿ. ಅದನ್ನು ದೊಡ್ಡದು ಮಾಡಿದರೆ ಮೇಡಂ ನಗುತ್ತಾ ಹೋಗುತ್ತಿದ್ದರು. ಬಹುಶಃ ಏನೂ ಆಗುತ್ತಲೂ ಇರಲಿಲ್ಲ. ಆದರೆ ಮುಂದೆಂದೋ ಆ ಸೆನ್ಸರ್ ನಿಜವಾಗಿ ಕೆಟ್ಟರೆ ಶಾಲೆಯ ಅಂಗಳದಲ್ಲಿ ಕಾರು ಮುಂದಕ್ಕೆ ಜಿಗಿಯಬಹುದು. ಆಗಲೂ ಇಸಿಯು ಸುಮ್ಮನೇ ಇರುತ್ತದೆ, ಸುಮ್ಮನಿರು ಎಂದು ನಾನೇ ಹೇಳಿರುತ್ತೇನೆ.

ಅಂಕಿಯ ಮೇಲಿಟ್ಟ ಬೆರಳನ್ನು ತೆಗೆದೆ. ಅವರ ಜೀವ ಕಾಯುತ್ತಿದ್ದೇನೋ, ನನ್ನ ಹೆಸರು ಕಾಯುತ್ತಿದ್ದೇನೋ ಎಂದು ಅವತ್ತೂ ತಿಳಿಯಲಿಲ್ಲ.

"ಮಾಡಲ್ಲ ಮೇಡಂ," ಎಂದೆ.

"ಕಾರು ನಂದು."

"ಹೌದು."

"ಕೈ ನಂದು, ಪ್ರಾಣಾನೂ ನಂದೇ."

"ಎದುರಿಗೆ ಬರೋ ಬಸ್ಸಲ್ಲಿ ಇರೋರದ್ದು ನಿಮ್ಮದಲ್ಲ."

ಸಿಟ್ಟು ಬಂದರೆ ಮೇಡಂ ತೆಲುಗಿಗೆ ಹೋಗುತ್ತಾರೆ. "ಚಾಲ್ಲೇ ಚಾಲು," ಎಂದು ಕೈ ಬೀಸಿ, ಸಾಕಾಯಿತು ಎಂಬಂತೆ ಗಾಜು ಏರಿಸಿದರು. ಏರುತ್ತಿದ್ದ ಗಾಜಿನ ಮೇಲೆ ನಾನು ಕೈ ಇಟ್ಟೆ. ಇದನ್ನು ಮೊದಲೇ ಯೋಚಿಸಿ ಮಾಡಿದೆ ಎಂದು ಹೇಳಲಾರೆ. ಅವರು ಹೊರಟುಹೋಗುತ್ತಾರೆ ಎಂಬ ಗಾಬರಿಯಷ್ಟೇ ಇತ್ತು.

"ನಾನು ಪಕ್ಕದಲ್ಲಿ ಕೂರ್ತೀನಿ. ನೀವು ದಿನಾ ಹೆಂಗೆ ಹೋಗ್ತೀರೋ ಹಂಗೇ ಪಾವಗಡಕ್ಕೆ ಓಡಿಸ್ಕೊಂಡು ಹೋಗಿ. ನಾನು ಏನೂ ಹೇಳಲ್ಲ."

"ಬಾಯ್ ಮುಚ್ಕೊಂಡು ಕೂರ್ತೀಯಾ?"

"ಕೂರ್ತೀನಿ."

"ಹಂಗಾದ್ರೆ ಹತ್ತು."

ಹೇಳಲು ಇದು ಸಣ್ಣ ವಿಷಯ. ಆದರೆ ನಮ್ಮ ಕೆಲಸದಲ್ಲಿ ಗಿರಾಕಿ ಓಡಿಸುವಾಗ ಪರೀಕ್ಷೆ ಮಾಡುವುದಿಲ್ಲ. ಅವರಿಗೆ ಒಂದೇ ಹದದಲ್ಲಿ ಎಳೆಯಲು ಬರುವುದಿಲ್ಲ, ಗೆರೆಗಳೆಲ್ಲ ಕಲಸಿಹೋಗುತ್ತವೆ. ಆ ಕಲಸಿದ ಗೆರೆಯೇ ಬೇಕೆಂದು ಮೊದಲ ಸಲ ಹೆಡ್‌ಫೋನ್ ಇಲ್ಲದೆ, ಎಡಗಡೆ ಸೀಟಿನಲ್ಲಿ, ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತೆ.

ಮೇಡಂ ಓಡಿಸುವುದು ನನ್ನ ಹಾಗಲ್ಲ. ನಾನು ಕಾರಿನ ಸದ್ದು ಕೇಳುತ್ತಾ ಹೋಗುತ್ತೇನೆ, ಅವರು ರಸ್ತೆಯ ಜೊತೆ ಮಾತಾಡುತ್ತಾ ಹೋಗುತ್ತಾರೆ. ಗಾಜು ಇಳಿಸಿಯೇ ಇರುತ್ತದೆ. ಮಧುಗಿರಿ ದಾಟುವಷ್ಟರಲ್ಲಿ ಒಬ್ಬ ಆಟೋದವನಿಗೆ ಬುದ್ಧಿ ಹೇಳಿದರು, ಗೊತ್ತಿದ್ದವರು ಯಾರನ್ನೋ ಮಾತಾಡಿಸಿದರು. ಮಿಡಿಗೇಶಿ ದಾಟಿದೆವು. ಲ್ಯಾಪ್‌ಟಾಪಿನಲ್ಲಿ ಆಗೊಮ್ಮೆ ಈಗೊಮ್ಮೆ ಗೆರೆಗಳು ಚುಕ್ಕೆಯಷ್ಟು ನೆಗೆದು ಇಳಿಯುತ್ತಿದ್ದವು. ರಸ್ತೆಯ ಗುಂಡಿ ಇರಬೇಕು ಅಂದುಕೊಂಡೆ.

ತಂತಿಗಳು ದಾಟುವ ನೇರ ರಸ್ತೆ ಬಂತು. ಮುಂದೆ ಇಟ್ಟಿಗೆ ತುಂಬಿದ ಲಾರಿ. ಎದುರಿಗೆ ಖಾಲಿ. ಮೇಡಂ ಬಲಕ್ಕೆ ತಿರುಗಿಸಿ ಲಿವರ್ ಎಳೆದರು. ಕಾರು ಮುನ್ನುಗ್ಗಿತು. ಲಾರಿಯ ಹಿಂದಿನ ಚಕ್ರದ ಸಮಕ್ಕೆ ಬಂದಾಗ ಅವರು ಹಾರ್ನ್ ಒತ್ತಿದರು. ಕಿವಿ ಗುಂಯ್‌ಗುಡುವಂಥ ಜೋಡಿ ಹಾರ್ನು. ಒತ್ತಿದವರು ಬಿಡಲಿಲ್ಲ.

ಎಂಜಿನ್ ಉಸಿರು ಬಿಟ್ಟಿತು. ಲಾರಿಯ ಚಕ್ರ ಮತ್ತೆ ನಮ್ಮನ್ನು ದಾಟಿ ಮುಂದೆ ಹೋಯಿತು.

"ನೋಡ್ದಾ? ನೋಡ್ದಾ?" ಎಂದು ಮೇಡಂ ಗಾಬರಿಯಲ್ಲಿ ಲಿವರನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರು. ಹಿಡಿಯುವಾಗ ಹೆಬ್ಬೆರಳು ಗುಂಡಿಯಿಂದ ಜಾರಿತು. ಹಾರ್ನ್ ನಿಂತಿತು. ಎಂಜಿನ್ ಎಳೆಯಿತು.

ನಾನು ಲ್ಯಾಪ್‌ಟಾಪ್ ನೋಡುತ್ತಿರಲಿಲ್ಲ. ಆ ಹೆಬ್ಬೆರಳು ನೋಡುತ್ತಿದ್ದೆ.

"ಮೇಡಂ, ಎಡಕ್ಕೆ ಹಾಕಿ ನಿಲ್ಸಿ."

"ಬಾಯ್ ಮುಚ್ಕೊಂಡು ಕೂರ್ತೀನಿ ಅಂದಿದ್ದೆ."

"ನಿಲ್ಸಿ ಮೇಡಂ, ದಮ್ಮಯ್ಯ."

ರಸ್ತೆಯ ಅಂಚಿಗೆ ನಿಲ್ಲಿಸಿ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಲಿವರನ್ನು ಸ್ವಲ್ಪ ಎಳೆದು ಹಿಡಿಯಲು ಹೇಳಿದೆ. ಎಂಜಿನ್ ಒಂದೇ ಸಮ ಮೊರೆಯಿತು. "ಈಗ ಹಾರ್ನ್ ಒತ್ತಿ." ಮೊರೆತ ಇಳಿಯಿತು. "ಬಿಡಿ." ಏರಿತು. ಒತ್ತಿದರೆ ಇಳಿಯುತ್ತದೆ, ಬಿಟ್ಟರೆ ಏರುತ್ತದೆ. ಮೇಡಂ ಮುಖದಲ್ಲಿ ಸಿಟ್ಟು ಕರಗಿ ಮಕ್ಕಳ ಕುತೂಹಲ ಬಂತು. ನಾನು ಹೇಳದಿದ್ದರೂ ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು.

ಪಕ್ಕದ ಬೀಳಿನಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬಾತ ಕೋಲೂರಿಕೊಂಡು ನಮ್ಮನ್ನೇ ನೋಡುತ್ತಿದ್ದ. ಕೊನೆಗೆ ತಡೆಯಲಾರದೆ ಕೂಗಿದ. "ಏನ್ರಮ್ಮ, ಕುರಿ ಆಗ್ಲೇ ಸರ್ಕೊಂಡ್ವು. ನಾನೂ ಸರ್ಕೊಬೇಕಾ?"

ಮೇಡಂ ನಕ್ಕ ನಗುವಿಗೆ ಹಿಡಿದಿದ್ದ ಲಿವರ್ ಕೈ ತಪ್ಪಿತು.

ನಗು ನಿಂತ ಮೇಲೆ ಕೇಳಿದೆ. "ಈ ಹಾರ್ನ್ ಯಾವಾಗ ಹಾಕಿಸಿದ್ದು?"

"ಅದಾ? ಆ ಮಳೇಲಿ ಹಳೇದಕ್ಕೂ ನೀರು ಹೋಗಿತ್ತಲ್ಲ. ಭಾಯ್ ಹತ್ರ ಒಂದು ಜೋರಾಗಿರೋದು ಹಾಕಪ್ಪ ಅಂದಿದ್ದೆ."

"ಏನೂ ಬದಲಾಯಿಸಿಲ್ಲ ಅಂದ್ರಲ್ಲ ಮೇಡಂ?"

ಅವರು ನಿಜಕ್ಕೂ ಆಶ್ಚರ್ಯದಿಂದ ನನ್ನನ್ನು ನೋಡಿದರು. "ಹಾರ್ನು ಕಣಮ್ಮ ಅದು. ಅದೇನು ಬದಲಾಯ್ಸಿದ್ದು?"

ಅಲ್ಲಿಂದಲೇ ಶಿರಾಕ್ಕೆ ತಿರುಗಿಸಿದೆವು. ಭಾಯ್ ಅಂಗಡಿ ಮುಂದೆ ಒಂದು ಟೆಂಪೋದ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ವಿಷಯ ಕೇಳಿ ಹೊರಗೆ ಬಂದು, ಮೇಡಂ ಹೇಳಿದ ಮಾತನ್ನೇ ತಮ್ಮ ಮಾತಿನಲ್ಲಿ ಹೇಳಿದರು. "ಅದು ಕಾಮೇ ಅಲ್ಲ ಬೇಟಿ. ಬರೀ ಹಾರ್ನು. ಅದ್ಕೆ ನಾನು ಹೇಳೇ ಇಲ್ಲ."

ಸ್ಟಿಯರಿಂಗ್ ಕೆಳಗಿನ ಹೊದಿಕೆ ಬಿಚ್ಚಿದೆವು. ಮೊದಲಿನ ಹಾರ್ನ್ ಒಂದು ರಿಲೇ ಮೂಲಕ ಓಡುತ್ತಿತ್ತು. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ತಿರುವುವ ಸ್ವಿಚ್ಚು. ಅದಿದ್ದರೆ ಗುಂಡಿಯ ಮೂಲಕ ಹೆಚ್ಚು ಕರೆಂಟ್ ಹರಿಯುವುದಿಲ್ಲ. ನೀರಿಗೆ ಆ ರಿಲೇಯೂ ಹಾಳಾಗಿತ್ತು. ಭಾಯ್ ಅದನ್ನು ಬಿಟ್ಟು ಜೋಡಿ ಹಾರ್ನನ್ನು ನೇರವಾಗಿ ಲಿವರಿನ ಗುಂಡಿಗೆ ಕೊಟ್ಟಿದ್ದರು. ಆ ಭಾರದ ಕರೆಂಟೆಲ್ಲ ವಾಪಸು ಹೋಗುತ್ತಿದ್ದದ್ದು ಲಿವರಿನ ತೆಳು ಅರ್ತ್ ತಂತಿಯಲ್ಲಿ. ಸೆನ್ಸರಿನ ಅರ್ತ್ ಕೂಡ ಅದೇ ತಂತಿ. ಹಾರ್ನ್ ಒತ್ತಿದಾಗ ಆ ತಂತಿಯ ವೋಲ್ಟೇಜ್ ಮೇಲೇಳುತ್ತದೆ, ಅದರ ಜೊತೆಗೆ ಎರಡು ಸಂಕೇತಗಳೂ ಸಮನಾಗಿ ಏಳುತ್ತವೆ. ಚುಟುಕಾಗಿ ಒತ್ತಿದರೆ ಇಸಿಯು ಅನುಮಾನಿಸುವಷ್ಟು ಹೊತ್ತು ಸಿಗುವುದಿಲ್ಲ. ಉದ್ದಕ್ಕೆ ಒತ್ತುವುದು ಓವರ್‌ಟೇಕ್ ಮಾಡುವಾಗ ಮಾತ್ರ. ಹೈಟೆನ್ಷನ್ ತಂತಿಯ ಕೆಳಗೇ ಆಗುತ್ತಿದ್ದದ್ದು ಅಲ್ಲಿ ರಸ್ತೆ ನೇರವಾಗಿದ್ದರಿಂದ. ಮೇಡಂ ಕಾಯ್ದುಕೊಂಡು ಬಂದು ಲಾರಿಗಳನ್ನು ಹಿಂದೆ ಹಾಕುತ್ತಿದ್ದದ್ದು ಅಲ್ಲಿ. ನನ್ನ ಕೈಯಲ್ಲಿ ಆಗದೇ ಇದ್ದದ್ದು ನಾನು ಯಾರನ್ನೂ ಹಿಂದೆ ಹಾಕದೆ, ಹಾರ್ನ್ ಒತ್ತದೆ ಓಡಿಸುತ್ತಿದ್ದುದರಿಂದ.

"ರಿಲೇ ಹಾಕಿದ್ರೆ ಆವಾಜ್ ಕಮ್ಮಿ ಆಗ್ತದೆ," ಎಂದು ಭಾಯ್ ಗೊಣಗಿದರು.

"ಜಾಸ್ತಿ ಆಗ್ತದೆ ಭಾಯ್. ಈ ತೆಳು ತಂತಿಯೇ ಅರ್ಧ ತಿಂತಿದೆ."

"ಹಾಕಿ ನೋಡಣ. ಕಮ್ಮಿ ಆದ್ರೆ ನೀನು ಹೇಳಿದ್ದೆಲ್ಲ ಝೂಟ್."

ಹೊಸ ರಿಲೇ ಹಾಕಿದರು. ಹಾರ್ನಿಗೆ ದಪ್ಪ ತಂತಿಯ ಬೇರೆ ಅರ್ತ್ ಎಳೆದು ಕಾರಿನ ಲೋಹದ ಮೈಗೆ ಬಿಗಿದರು.

ಸೆನ್ಸರಿನ ಅರ್ತನ್ನು ಲಿವರಿನಿಂದ ಬಿಡಿಸಿ, ಅದಕ್ಕಾಗಿಯೇ ಇಸಿಯುವಿನಲ್ಲಿದ್ದ ಪಿನ್ನಿಗೆ ನಾನು ಸೇರಿಸಿದೆ. ಒಂದು ವೈರನ್ನೂ ಕತ್ತರಿಸಬೇಕಿಲ್ಲ ಎಂಬ ಪೆಟ್ಟಿಗೆಗಾಗಿ ಕತ್ತರಿಸಿದ ಮೊದಲ ವೈರು ಅದು. ಆಮೇಲೆ ಮೇಡಂ ಅಂಗಡಿ ಬೀದಿಯಲ್ಲಿ ಉದ್ದಕ್ಕೂ ಒತ್ತಿ ಹಿಡಿದರು. ಎದುರು ಅಂಗಡಿಯ ಪಾರಿವಾಳಗಳೆಲ್ಲ ಎದ್ದವು. ಭಾಯ್ ಕಿವಿಗೆ ಕೈ ಇಟ್ಟುಕೊಂಡು ಸೋತೆ ಎಂಬಂತೆ ತಲೆ ಆಡಿಸಿದರು. ಎಂಜಿನ್ನಿನ ಮೊರೆತ ಇಳಿಯಲಿಲ್ಲ. ಗೆರೆಗಳು ಮಲಗಿದ್ದವು. ಮಿತಿಯ ಅಂಕಿಯನ್ನು ನಾನು ಮುಟ್ಟಲಿಲ್ಲ.

ಬರುವಾಗ ನೇರ ಸಿಕ್ಕ ಕಡೆಯೆಲ್ಲ ಮೇಡಂ ಗಾಡಿಗಳನ್ನು ಹಿಂದೆ ಹಾಕಿದರು. ಹಾಕಬೇಕಾಗಿಲ್ಲದ್ದನ್ನೂ ಹಾಕಿದರು. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದೆ.

ಇಷ್ಟಾದರೂ ಸಮಾಧಾನ ಇರಲಿಲ್ಲ. ಬುಷ್ ಹಾಕಿಸಿದಾಗಲೂ ನನಗೆ ಹೀಗೇ ಗೆದ್ದೆ ಅನ್ನಿಸಿತ್ತಲ್ಲ. ಅಂಗನವಾಡಿ ಟೀಚರನ್ನು ಕೇಳಿಕೊಂಡು, ಮಕ್ಕಳು ಎದ್ದಿರುವ ಹೊತ್ತಿಗೆ ಕಾರನ್ನು ಮತ್ತೆ ಶೆಡ್ಡಿಗೆ ತರಿಸಿ ಹಾರ್ನ್ ಒತ್ತಿ ಒತ್ತಿ ಅಳೆದೆ. ಮಕ್ಕಳು ಬೇಲಿಯ ಹತ್ತಿರ ಸಾಲಾಗಿ ನಿಂತು, ಇನ್ನೊಂದ್ಸಲ ಅಕ್ಕಾ, ಇನ್ನೊಂದ್ಸಲ ಎಂದು ಕೂಗಿದವು. ಪ್ರತಿ ಸಲವೂ ಸರಿ ಬಂತು. ಪ್ರತಿ ಸಲ ಸರಿ ಬಂದಾಗಲೂ, ನಾನು ಒತ್ತಿ ನೋಡದೇ ಇರುವ ಇನ್ನೊಂದು ಗುಂಡಿ ಇದೆಯೇನೋ ಎನ್ನಿಸುತ್ತಿತ್ತು.

ಶಾಲೆ ಶುರುವಾದ ದಿನ ಬೆಳಗ್ಗೆ ಬೇರೆ ಕಾರಿನ ಕೆಲಸ ಹಿಡಿದಿದ್ದೆ. ಶಾಲೆ ಮುಟ್ಟಿದ ಮೇಲೆ ಒಂದು ಫೋನ್ ಮಾಡಿ ಎಂದಿದ್ದೆ, ಮೇಡಂ ಮಾಡಿರಲಿಲ್ಲ. ನಾನೇ ಮಾಡಿದೆ, ಎತ್ತಲಿಲ್ಲ. ಓಡಿಸುವಾಗ ಎತ್ತುವುದಿಲ್ಲ ಎಂದುಕೊಂಡು ಸ್ವಲ್ಪ ಕಾದೆ. ಮತ್ತೆ ಮಾಡಿದೆ. ಸ್ಪ್ಯಾನರ್ ಕೆಳಗಿಟ್ಟು, ಶೆಡ್ಡಿನ ಬಾಗಿಲಲ್ಲಿ ನಿಂತು, ಇಲ್ಲಿಂದ ಕಾಣದ ಪಾವಗಡದ ದಾರಿಯನ್ನು ನೋಡಿದೆ. ಆ ನೇರ ರಸ್ತೆ, ಇಟ್ಟಿಗೆ ಲಾರಿ, ಎದುರಿನ ಬಸ್ಸು ಕಣ್ಣ ಮುಂದೆ ಬರುತ್ತಿದ್ದವು.

ಮೂರನೆಯ ಸಲಕ್ಕೆ ಎತ್ತಿದರು. ಧ್ವನಿ ತಗ್ಗಿಸಿದ್ದರು. ಹಿಂದೆ ಯಾವುದೋ ಮಗು ಗಟ್ಟಿಯಾಗಿ, ತಡವರಿಸುತ್ತಾ, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿತ್ತು.

"ಏನಮ್ಮ?"

"ಮುಟ್ಟಿದ್ರಾ ಮೇಡಂ? ದಾರೀಲಿ ಏನಾದ್ರೂ...?"

"ಏನೂ ಆಗ್ಲಿಲ್ಲ."

"ಲಾರಿ ಸಿಕ್ತಾ? ಹಾರ್ನ್ ಒತ್ತಿದ್ರಾ?"

"ಒತ್ತದೇ ಇರ್ತೀನಾ? ಒತ್ಕೊಂಡೇ ಬಂದೆ. ತಿರುವಿನಲ್ಲೇ ಕೇಳಿಸ್ತಂತೆ ಇವ್ರಿಗೆ. ಬಂದು ನೋಡಿದ್ರೆ ಹೆಡ್‌ಮಾಸ್ಟ್ರು ಬಾಗಿಲಲ್ಲಿ ನಿಂತವ್ರೆ. ಅಂಗಿ ಗುಂಡಿ ಹಾಕ್ಕೊತಾವ್ರೆ, ಕಂಕುಳಲ್ಲಿ ಹಾಜ್ರಿ ಪುಸ್ತಕ. ಒಬ್ರಾದ್ರೂ ನನ್ನ ಇಳ್ಸಕ್ಕೆ ಬರ್ಬೇಕಲ್ಲ. ಎಲ್ರೂ ಅವ್ರವ್ರ ಕ್ಲಾಸಿಗೆ ಓಡೋದ್ರು."

ನಾನು ಏನೋ ಹೇಳಲು ಹೋದೆ.

"ತಡಿ," ಎಂದರು. ಆ ಮಗು ಒಂದು ಒತ್ತಕ್ಷರದ ಮುಂದೆ ನಿಂತುಬಿಟ್ಟಿತ್ತು. "ಹೇಳ್ಕೊಡ್ಬೇಡಿ ಮೇಷ್ಟ್ರೇ. ಅದೇ ಓದ್ಲಿ, ನಾನು ಕಾಯ್ತೀನಿ." ಆಮೇಲೆ ನನಗೆ, "ಇಡಮ್ಮ ಫೋನು. ನಾನು ಕೆಲ್ಸದಾಗಿದೀನಿ."